ಹೆಬ್ಬೆರಳ ಬುಡದ ಗಂಟು: ಬೆಳೆದ ಮೂಳೆಯೋ, ವಾಲಿದ ಮೂಳೆಯೋ?

ಪ್ರಶ್ನೆ: ಚೆನ್ನೈನ ಪಶ್ಚಿಮ ಮಾಂಬಲದಲ್ಲಿ ನೆಲೆಸಿರುವ ನನಗೆ 47 ವರ್ಷ. ನಾಲ್ಕೈದು ವರ್ಷದಿಂದ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಒಳಬದಿಗೆ, ಒಂದು ಗಂಟು ಎದ್ದಿದೆ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿಕೊಂಡಿದೆ. ಆಫೀಸಿನ ಶೂ ಹಾಕಿದ ದಿನ ಸಂಜೆ ಹೊತ್ತಿಗೆ ಗಂಟು ಕೆಂಪಾಗಿ ನೋಯುತ್ತದೆ. ಮನೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಏನೂ ಇಲ್ಲ. ನನ್ನ ಅಮ್ಮನ ಕಾಲೂ ಹೀಗೇ ಇತ್ತು. ಒಬ್ಬರು 'ಮೂಳೆ ಬೆಳೆದಿದೆ, ಕೊಯ್ಸಿಬಿಡಿ' ಎನ್ನುತ್ತಾರೆ. ಇನ್ನೊಬ್ಬರು 'ಯೂರಿಕ್ ಆಸಿಡ್ ಇರಬೇಕು, ಬೇಳೆ ಬಿಡಿ' ಎನ್ನುತ್ತಾರೆ. ಇದಕ್ಕೆ ಬನಿಯನ್ ಎಂದು ಹೆಸರಂತೆ. ನಿಜಕ್ಕೂ ಇದೇನು? ಎಷ್ಟರ ಮಟ್ಟಿಗೆ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಭರತನಾಟ್ಯ ಕಲಿಯುತ್ತಿರುವ 15 ವರ್ಷದ ಮಗಳಿಗೂ ಇದು ಬಂದೀತೇ ಎಂಬ ಅಳುಕೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಗಮನ ಸೆಳೆದದ್ದು 'ಬರಿಗಾಲಲ್ಲಿ ಓಡಾಡುವಾಗ ಏನೂ ಇಲ್ಲ' ಎಂಬ ಮಾತು. ಇಷ್ಟನ್ನು ಗಮನಿಸಿದ್ದೀರಿ ಎಂದರೆ ಅರ್ಧ ಪರೀಕ್ಷೆಯನ್ನು ನೀವೇ ಮಾಡಿದ್ದೀರಿ. ಕಾಲನ್ನು ಕಣ್ಣಾರೆ ನೋಡದೆ ಪತ್ರದ ಮೇಲೇ ಇಂಥದೇ ಕಾಯಿಲೆ ಎಂದು ತೀರ್ಮಾನ ಕೊಡುವುದು ಸರಿಯಲ್ಲ. ಆದರೂ ನೀವು ಬಣ್ಣಿಸಿದ ರೀತಿ ಬನಿಯನ್‌ಗೆ ಚೆನ್ನಾಗಿ ಹೊಂದುತ್ತದೆ. ನಿಮ್ಮ ಸಂಶಯ ಮೂರು: ಇದು ಏನು, ಎಷ್ಟು ಎಂದು ಅಳೆಯುವುದು ಹೇಗೆ, ಮಗಳ ಗತಿಯೇನು. ಅದೇ ಕ್ರಮದಲ್ಲಿ ಹೋಗೋಣ.

ಮೊದಲು ಹೆಸರಿನ ವಿಷಯ. ಬನಿಯನ್ ಎಂದರೆ ನಮಗೆ ನೆನಪಾಗುವುದು ಅಂಗಿಯೊಳಗೆ ತೊಡುವ ಬನಿಯನ್. ಎರಡಕ್ಕೂ ನಂಟಿಲ್ಲ. ಆ ಬನಿಯನ್ ನಮ್ಮ ದೇಶದ ಬನಿಯಾ ವರ್ತಕರ ಹೆಸರಿನಿಂದ ಬಂದ ಮಾತು. ಕಾಲಿನದು ಇಂಗ್ಲಿಷಿನ ಬೇರೆಯೇ ಪದ, ಉಬ್ಬನ್ನಷ್ಟೇ ಹೇಳುವಂಥದು. ವೈದ್ಯರ ಚೀಟಿಯಲ್ಲಿ ಮಾತ್ರ ನಿಮಗೆ 'ಹ್ಯಾಲಕ್ಸ್ ವ್ಯಾಲ್ಗಸ್' ಎಂದು ಕಂಡೀತು. 19ನೇ ಶತಮಾನದಲ್ಲಿ ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಹ್ಯೂಟರ್ ಬಳಕೆಗೆ ತಂದ ಲ್ಯಾಟಿನ್ ಹೆಸರಿದು. ಹೆಬ್ಬೆರಳು ಹೊರಕ್ಕೆ, ಅಂದರೆ ಕಿರುಬೆರಳಿನ ದಿಕ್ಕಿಗೆ, ವಾಲಿದೆ ಎಂದು ಅದರ ಅರ್ಥ. ಹಳೆಯ ಹೆಸರು ಗಂಟನ್ನು ಹೇಳುತ್ತದೆ, ಹೊಸ ಹೆಸರು ವಾಲುವಿಕೆಯನ್ನು ಹೇಳುತ್ತದೆ. ನಿಮ್ಮ ಪ್ರಶ್ನೆಯ ಉತ್ತರದ ತಿರುಳು ಈ ವ್ಯತ್ಯಾಸದಲ್ಲೇ ಇದೆ.

ಈಗ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಬಲಗಾಲನ್ನು ಎಡತೊಡೆಯ ಮೇಲೆ ಹಾಕಿಕೊಳ್ಳಿ. ಅಂಗಾಲಿನ ಕಮಾನಿನ ಹತ್ತಿರ, ಪಾದದ ಒಳ ಅಂಚಿನಲ್ಲಿ ಬೆರಳಿಟ್ಟು ಮುಂದಕ್ಕೆ ಸವರುತ್ತ ಬನ್ನಿ. ಚರ್ಮದ ಕೆಳಗೆ ಒಂದು ಗಟ್ಟಿ ಕಡ್ಡಿಯಂತೆ ಸಿಗುವುದು ಮೊದಲನೆಯ ಮೆಟಟಾರ್ಸಲ್ ಎಂಬ ಉದ್ದ ಎಲುಬು. ಅದರ ತುದಿಯ ಗುಂಡನೆಯ ತಲೆಗೆ ಬಂದಾಗ ನೀವು ನಿಮ್ಮ ಗಂಟಿನ ಮೇಲೇ ಇದ್ದೀರಿ. ಅಲ್ಲಿಂದಾಚೆಗೆ ಹೆಬ್ಬೆರಳಿನ ಎರಡು ಎಲುಬುಗಳು. ಸಹಜವಾದ ಕಾಲಿನಲ್ಲಿ ಈ ಉದ್ದ ಎಲುಬೂ ಹೆಬ್ಬೆರಳೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಬನಿಯನ್ ಇರುವ ಕಾಲಿನಲ್ಲಿ ಉದ್ದ ಎಲುಬು ಇನ್ನೊಂದು ಪಾದದ ಕಡೆಗೆ ವಾಲಿರುತ್ತದೆ, ಬೆರಳು ಅದರ ವಿರುದ್ಧ ದಿಕ್ಕಿಗೆ ವಾಲಿರುತ್ತದೆ. ನಡುವೆ ಒಂದು ಮೂಲೆ ಏರ್ಪಡುತ್ತದೆ. ಆ ಮೂಲೆಯೇ ನೀವು ನೋಡುವ ಗಂಟು.

ಮೊಣಕೈ ನೀಡಿದಾಗ ಅಲ್ಲಿ ಎದ್ದು ಕಾಣುವಂಥದ್ದೇನೂ ಇರುವುದಿಲ್ಲ. ಮಡಿಸಿದರೆ ಮೂಳೆ ಚೂಪಾಗಿ ಮುಂದೆ ಬರುತ್ತದೆ. ಮಡಿಸಿದ ಗಳಿಗೆಯಲ್ಲಿ ಹೊಸ ಮೂಳೆ ಹುಟ್ಟಿತೆಂದು ಯಾರೂ ಹೇಳುವುದಿಲ್ಲವಲ್ಲ? ನಿಮ್ಮ ಹೆಬ್ಬೆರಳ ಕೀಲೂ ಹಾಗೆಯೇ, ಪಕ್ಕಕ್ಕೆ ಮಡಿಸಿಕೊಂಡಿದೆ. ಆದರೆ ತಾನಾಗಿ ನೆಟ್ಟಗಾಗುವುದಿಲ್ಲ. ಮೊದಲಿನಿಂದ ಇದ್ದ ಎಲುಬಿನ ತಲೆಯೇ ಬೆರಳಿನ ಮರೆ ತಪ್ಪಿ ಹೊರಗೆ ಕಾಣುತ್ತಿದೆ. ಅದರ ಮೇಲೆ ಶೂ ಉಜ್ಜಿ ಉಜ್ಜಿ ಚರ್ಮ ಜಡ್ಡುಗಟ್ಟುತ್ತದೆ, ಚರ್ಮದಡಿಯ ನೀರಿನ ಚೀಲವೊಂದು ಊದಿಕೊಳ್ಳುತ್ತದೆ. ಸಂಜೆ ನಿಮಗೆ ಕಾಣುವ ಕೆಂಪು ಈ ಊತದ್ದು. ಹಾಗಾಗಿ 'ಮೂಳೆ ಬೆಳೆದಿದೆ' ಎಂದವರು ಕಂಡದ್ದನ್ನು ಹೇಳಿದರು, ಆದದ್ದನ್ನಲ್ಲ. ಅವರನ್ನು ದೂರುವಂತಿಲ್ಲ; ಯಾರು ನೋಡಿದರೂ ಹಾಗೇ ತೋರುತ್ತದೆ.

ಇಷ್ಟು ಬಲವಾದ ಕೀಲು ವಾಲುವುದಾದರೂ ಯಾಕೆ? ಇಲ್ಲಿ ದೇಹದ ರಚನೆಯ ಒಂದು ಸೂಕ್ಷ್ಮವಿದೆ. ಆ ಉದ್ದ ಎಲುಬಿನ ತಲೆಗೆ ಯಾವ ಸ್ನಾಯುವೂ ನೇರವಾಗಿ ಅಂಟಿಕೊಂಡಿಲ್ಲ. ಸ್ನಾಯುಗಳೆಲ್ಲ ಅದನ್ನು ದಾಟಿ ಮುಂದೆ ಬೆರಳಿಗೆ ಹೋಗುತ್ತವೆ. ಎರಡೂ ಬದಿಯ ಎಳೆತ ಸಮನಾಗಿರುವ ತನಕ ತಲೆ ಮಧ್ಯದಲ್ಲಿ ನಿಂತಿರುತ್ತದೆ. ಬೆರಳು ಒಂದಿಷ್ಟು ವಾಲಿತೆನ್ನಿ, ಅದನ್ನು ನೆಟ್ಟಗಿಡಬೇಕಾದ ಸ್ನಾಯುರಜ್ಜುಗಳು ಬಿಲ್ಲಿಗೆ ಕಟ್ಟಿದ ಹೆದೆಯ ಹಾಗೆ ಪಕ್ಕಕ್ಕೆ ಬಂದುಬಿಡುತ್ತವೆ. ಆಮೇಲೆ ಅವು ಎಳೆದಷ್ಟೂ ಬಾಗು ಹೆಚ್ಚುತ್ತದೆ. ತಲೆಯ ಅಡಿಯಲ್ಲಿ ಕಡಲೆಕಾಳಿನಷ್ಟರ ಎರಡು ಪುಟ್ಟ ಎಲುಬುಗಳಿವೆ. ಎಳ್ಳನ್ನು ಹೋಲುತ್ತವೆಂದು ಹಿಂದಿನವರು ಅವನ್ನು ಸೆಸಮಾಯ್ಡ್ ಎಂದು ಕರೆದರು. ಅವು ಪಕ್ಕದ ಎಲುಬಿಗೆ ಬಿಗಿದುಕೊಂಡಿರುವುದರಿಂದ ಇದ್ದಲ್ಲೇ ಉಳಿಯುತ್ತವೆ. ತಲೆ ಮಾತ್ರ ಅವುಗಳ ಮೇಲಿಂದ ಜಾರುತ್ತದೆ, ಹಳಿ ಬಿಟ್ಟ ಗಾಲಿಯಂತೆ. ವಾಲುವ ಬೆರಳು ಜೊತೆಗೆ ಸ್ವಲ್ಪ ಉರುಳುತ್ತದೆ ಕೂಡ. ನಿಮ್ಮ ಎರಡು ಹೆಬ್ಬೆರಳುಗಳ ಉಗುರನ್ನು ಹೋಲಿಸಿ ನೋಡಿ: ಬಲಗಾಲಿನ ಉಗುರು ಆಕಾಶ ನೋಡುವ ಬದಲು ಎಡಪಾದದ ಕಡೆಗೆ ಓರೆಯಾಗಿದ್ದರೆ ಅದೇ ಈ ಉರುಳು.

ಇನ್ನು ಕಾರಣ. 'ಅಮ್ಮನ ಕಾಲೂ ಹೀಗೇ ಇತ್ತು' ಎಂದಿರಿ. ಪಾದದ ಆಕಾರ, ಕೀಲುಗಳ ಸಡಿಲ, ಎಲುಬುಗಳ ಉದ್ದ ಮನೆತನದಲ್ಲಿ ಹರಿದುಬರುತ್ತವೆ. ಬನಿಯನ್ ಬರುವ ಒಲವು ಹೀಗೆ ಹುಟ್ಟಿನಿಂದ ಬಂದರೆ, ಆ ಒಲವನ್ನು ನೋವಾಗಿ ಮಾಡುವುದು ಬಹುಮಟ್ಟಿಗೆ ಪಾದರಕ್ಷೆ. 1958ರಲ್ಲಿ ಹಾಂಗ್‌ಕಾಂಗ್‌ನ ಲ್ಯಾಮ್ ಸಿಮ್-ಫುಕ್ ಮತ್ತು ಹಾಡ್ಜ್‌ಸನ್ ಎಂಬ ವೈದ್ಯರು ಶೂ ಹಾಕುವ ಚೀನೀಯರನ್ನೂ, ದೋಣಿಗಳಲ್ಲಿ ಬರಿಗಾಲಲ್ಲೇ ಬದುಕುವ ಚೀನೀಯರನ್ನೂ ಹೋಲಿಸಿ ನೋಡಿದರು. ಶೂ ಹಾಕುವವರಲ್ಲಿ ಶೇ. 33ರಷ್ಟು ಮಂದಿಗೆ ಹೆಬ್ಬೆರಳು ವಾಲಿತ್ತು, ಬರಿಗಾಲಿನವರಲ್ಲಿ ಸುಮಾರು ಶೇ. 2. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹೂತಿದ್ದ 177 ಅಸ್ಥಿಪಂಜರಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 11ರಿಂದ 13ನೇ ಶತಮಾನದವರಲ್ಲಿ ಶೇ. 6ರಷ್ಟಿದ್ದ ಬನಿಯನ್ 14 ಮತ್ತು 15ನೇ ಶತಮಾನದವರಲ್ಲಿ ಶೇ. 27ಕ್ಕೆ ಏರಿತ್ತು. ಚೂಪು ಮೂತಿಯ ಶೂ ಅಲ್ಲಿ ಷೋಕಿಯಾದದ್ದು 14ನೇ ಶತಮಾನದಲ್ಲೇ.

ನಮ್ಮ ಕರಾವಳಿಯಿಂದಲೂ ಒಂದು ಸಾಕ್ಷಿ ಇದೆ. ಅದು ಬನಿಯನ್ ಕುರಿತದ್ದಲ್ಲ, ಚಪ್ಪಟೆ ಪಾದದ ಕುರಿತದ್ದು. ಆದರೆ ಮಗಳ ತಾಯಿಯಾದ ನಿಮಗೆ ತಿಳಿದಿರಲಿ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ವರದಿ ಮಾಡಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ. 8.6, ತೊಡದವರಲ್ಲಿ ಶೇ. 2.8 ಮಂದಿಗೆ ಚಪ್ಪಟೆ ಪಾದ. ತೊಡುವವರಲ್ಲೂ ಮುಂಭಾಗ ಮುಚ್ಚಿದ ಶೂನವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಬೆಳೆಯುವ ಪಾದ ತನ್ನನ್ನು ಮುಚ್ಚಿದ್ದರ ಮಾತು ಕೇಳುತ್ತದೆ ಎಂದು ಇದರಿಂದ ಕಲಿಯಬಹುದು.

ನಿಮ್ಮ ಊರಿನಲ್ಲೇ ಇನ್ನೊಂದು ಕೆಲಸ ನಡೆದಿದೆ. ಅಡಯಾರಿನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಲ್ಲಿ ಶುರುವಾದದ್ದು. ಅದರ ತಜ್ಞರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ, 5ರಿಂದ 55 ವರ್ಷದ 1,01,880 ಜನರ ಪಾದಗಳನ್ನು ಯಂತ್ರದಲ್ಲಿ ಮೂರು ಆಯಾಮದಲ್ಲಿ ಅಳೆದರು. ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಕಂಡುಬಂತು. ನಾವು ಇಂದಿಗೂ ಕೊಳ್ಳುವುದು ಬ್ರಿಟಿಷರ ಕಾಲದಲ್ಲಿ ಬಂದ ಇಂಗ್ಲೆಂಡಿನ ನಂಬರು. ಅಗಲ ಸಾಲದೆಂದು ಒಂದು ನಂಬರು ದೊಡ್ಡದು ತೆಗೆದುಕೊಳ್ಳುತ್ತೇವೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಸಡಿಲವಾಗುತ್ತದೆ, ಪಾದ ಮುಂದಕ್ಕೆ ಜಾರಿ ಬೆರಳುಗಳು ಮತ್ತೆ ಅದೇ ಮೂತಿಗೆ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಪರಿಹಾರವಾಗಿ ಸಂಸ್ಥೆ ಭಾರತಕ್ಕೇ ಹೊಂದುವ 'ಭಾ' ಎಂಬ ಅಳತೆಯ ಕ್ರಮವನ್ನು ಸೂಚಿಸಿತು. ಶಿಶುವಿನಿಂದ ವಯಸ್ಕರವರೆಗೆ ಅದರಲ್ಲಿ ಎಂಟು ಗುಂಪುಗಳು. ನನ್ನ ಅಭಿಪ್ರಾಯದಲ್ಲಿ ಬನಿಯನ್ ಕುರಿತ ಎಷ್ಟೋ ಸಲಹೆಗಳಿಗಿಂತ ಈ ಒಂದು ಅಳತೆಯ ಕೆಲಸ ದೊಡ್ಡದು. ಕಾಲು ಸರಿಯಿಲ್ಲ ಎಂದು ಕೊರಗುವ ಬಹಳ ಮಂದಿಗೆ ನಿಜವಾಗಿ ಸರಿಯಿಲ್ಲದ್ದು ಶೂ.

ಗೋಕುಲಾಷ್ಟಮಿಯ ದಿನ ನಿಮ್ಮ ಬೀದಿಯಲ್ಲಿ ಬಾಗಿಲಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆ ಮೂಡಿಸುವುದನ್ನು ನೋಡಿರುತ್ತೀರಿ. ಮುಷ್ಟಿಯ ಬದಿಯನ್ನು ಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೆ ಒತ್ತಿ, ಮೇಲೆ ಬೆರಳತುದಿಯಿಂದ ಐದು ಚುಕ್ಕಿ ಇಡುತ್ತಾರೆ. ಆ ಚುಕ್ಕಿಗಳು ಬೀಸಣಿಗೆಯಂತೆ ಅರಳಿರುತ್ತವೆ. ಕೂಸಿನ ಪಾದ ಇರುವುದು ಹಾಗೇ: ಬೆರಳುಗಳ ಹತ್ತಿರವೇ ಅತ್ಯಂತ ಅಗಲ. ಅಂಗಡಿಯ ಶೂ ಅಲ್ಲೇ ಅತ್ಯಂತ ಕಿರಿದು.

ಈಗ ಎಲ್ಲರೂ ಸಿಕ್ಕಿಕೊಳ್ಳುವ ಗೊಂದಲ, ಯೂರಿಕ್ ಆಸಿಡ್. ಈ ಗೊಂದಲ ಸಹಜ, ಏಕೆಂದರೆ ಯೂರಿಕ್ ಆಸಿಡ್‌ನ ಹರಳುಗಳಿಂದ ಬರುವ ಗೌಟ್ ಎಂಬ ಕೀಲುರೋಗ ಮೊದಲ ಸಲ ಎರಗುವುದು ಹೆಚ್ಚಾಗಿ ಇದೇ ಕೀಲಿನ ಮೇಲೆ. ಜಾಗ ಒಂದೇ, ಚಾಳಿ ಬೇರೆ. ಗೌಟ್ ಹಠಾತ್ತನೆ ಬರುತ್ತದೆ, ಅದೂ ಎಷ್ಟೋ ಸಲ ನಡುರಾತ್ರಿ. ಕೀಲು ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ಉರಿಯುತ್ತದೆ. ಕೆಲವು ದಿನ, ಒಂದೆರಡು ವಾರ ಕಾಡಿ ಪೂರ್ತಿ ಇಳಿದುಹೋಗುತ್ತದೆ. ಶೂ ಇರಲಿ ಬಿಡಲಿ, ಅದಕ್ಕೆ ಲೆಕ್ಕವಿಲ್ಲ. ಬನಿಯನ್ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ, ಶೂ ಬಿಚ್ಚಿದರೆ ಹಗುರಾಗುತ್ತದೆ, ಬೆರಳಿನ ವಾಲು ಮಾತ್ರ ಹಗಲೂ ರಾತ್ರಿ ಹಾಗೇ ಇರುತ್ತದೆ. ನಿಮ್ಮ ಅನುಭವ ಎರಡನೆಯದಕ್ಕೆ ಹತ್ತಿರ. ರಕ್ತದಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿದೆ ಎಂದ ಮಾತ್ರಕ್ಕೆ ಗಂಟಿಗೆ ಅದೇ ಕಾರಣವೆನ್ನಲಾಗದು. ಗೌಟ್ ಎರಗಿದ ದಿನವೇ ರಕ್ತದ ಅಂಕಿ ಸಹಜವಾಗಿಯೂ ಬರಬಹುದು. ಸಂಶಯ ಉಳಿದರೆ ಕೀಲಿನ ನೀರು ತೆಗೆದು ಹರಳು ಹುಡುಕುವುದೇ ಖಚಿತ ದಾರಿ. ಬೇಳೆ ಬಿಟ್ಟರೆ ವಾಲಿದ ಬೆರಳು ನೆಟ್ಟಗಾಗುವುದಿಲ್ಲ. ಸಾರು ಹುಳಿ ಧಾರಾಳವಾಗಿ ಉಣ್ಣಿ. ಎರಡೂ ಪಾದಗಳ ಹಲವು ಬೆರಳುಗಳು ಒಟ್ಟಿಗೆ ಸೊಟ್ಟಗಾಗುತ್ತ, ಬೆಳಿಗ್ಗೆ ಕೈಬೆರಳುಗಳೂ ಬಹಳ ಹೊತ್ತು ಬಿಗಿದಿರುವುದಾದರೆ ಮಾತ್ರ ರುಮಟಾಯ್ಡ್ ಸಂಧಿವಾತವನ್ನು ನೆನೆದು ಬೇಗ ವೈದ್ಯರ ಬಳಿ ಹೋಗಬೇಕು.

ಎಷ್ಟು ಕೆಟ್ಟಿದೆ ಎಂದು ಅಳೆಯುವ ವಿಷಯಕ್ಕೆ ಬರೋಣ. ಜನ ಸಾಮಾನ್ಯವಾಗಿ ಗಂಟಿನ ಗಾತ್ರ ನೋಡಿ ಹೆದರುತ್ತಾರೆ. ಗಾತ್ರಕ್ಕಿಂತ ಮುಖ್ಯವಾದವು ಮೂರು: ಬೆರಳು ಎಷ್ಟು ವಾಲಿದೆ, ನೋವು ಎಲ್ಲಿದೆ, ಪಕ್ಕದ ಬೆರಳುಗಳಿಗೆ ಏನಾಗಿದೆ.

ಮನೆಯಲ್ಲೇ ಮಾಡಬಹುದಾದದ್ದನ್ನು ಮೊದಲು ಹೇಳುತ್ತೇನೆ. ಒಂದು ಬಿಳಿ ಹಾಳೆಯನ್ನು ನೆಲಕ್ಕಿಟ್ಟು ಅದರ ಮೇಲೆ ಎರಡೂ ಕಾಲಿಗೆ ಸಮನಾಗಿ ಭಾರ ಹಾಕಿ ನಿಲ್ಲಿ. ಮಗಳು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಕುಳಿತು ಎಳೆದರೆ ಆಗದು. ಭಾರ ಬಿದ್ದಾಗಲೇ ಪಾದ ಹರಡುವುದು, ಬೆರಳು ತನ್ನ ನಿಜವಾದ ವಾಲನ್ನು ತೋರುವುದು. ಆಮೇಲೆ ಆಫೀಸಿನ ಶೂವನ್ನು ಆ ಗೆರೆಯ ಮೇಲಿಟ್ಟು ನೋಡಿ. ನಿಮ್ಮ ಪಾದದ ಗೆರೆ ಶೂವಿನ ಎರಡೂ ಬದಿಗೆ ಹೊರಚಾಚಿಕೊಂಡಿದ್ದರೆ, ಅಷ್ಟು ಪಾದವನ್ನು ನೀವು ದಿನವೂ ಎಂಟು ಗಂಟೆ ಮಡಿಸಿ ತುರುಕುತ್ತಿದ್ದೀರಿ ಎಂದಾಯಿತು. ಹಳೆಯ ಜೋಡು ಇನ್ನೂ ಇದ್ದರೆ ಅದನ್ನೂ ನೋಡಿ. ಬಲಗಾಲಿನದರ ಒಳಬದಿಯ ಚರ್ಮ ಗಂಟಿನ ಆಕಾರಕ್ಕೆ ಉಬ್ಬಿ, ಹೊಲಿಗೆ ಬಿಟ್ಟಿರುವುದು ಕಂಡೀತು.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನವರು ನಾಲ್ಕು ಫೋಟೋಗಳ ಒಂದು ಸರಳ ಅಳತೆಗೋಲು ಮಾಡಿದ್ದಾರೆ: ವಾಲಿಲ್ಲ, ಅಲ್ಪ, ಮಧ್ಯಮ, ತೀವ್ರ. ನಿಂತ ಪಾದವನ್ನು ಮೇಲಿನಿಂದ ನೋಡಿ ಯಾವ ಚಿತ್ರಕ್ಕೆ ಹೊಂದುತ್ತದೋ ಅದೇ ಮಟ್ಟ. ಅಂದಾಜಿಗೆ ಹೀಗಿಟ್ಟುಕೊಳ್ಳಿ: ಹೆಬ್ಬೆರಳು ವಾಲಿದ್ದರೂ ಪಕ್ಕದ ಬೆರಳಿನ ಜೊತೆ ಸಂದು ಉಳಿದಿದ್ದರೆ ಅಲ್ಪ, ಪಕ್ಕದ ಬೆರಳನ್ನು ಒತ್ತುತ್ತಿದ್ದರೆ ಮಧ್ಯಮ, ಅದರ ಅಡಿಗೋ ಮೇಲಕ್ಕೋ ಹೋಗಿದ್ದರೆ ತೀವ್ರ. ನೀವು ಎರಡನೆಯ ಬೆರಳಿಗೆ ಕಾಲುಂಗುರ ಹಾಕುವವರಾದರೆ ಅದು ಮೊದಲೇ ಸುದ್ದಿ ಹೇಳಿರುತ್ತದೆ. ಹೆಬ್ಬೆರಳ ಬದಿಗೆ ಉಂಗುರ ಅಚ್ಚೊತ್ತಿ ಕಪ್ಪಾಗಿದ್ದರೆ ಬೆರಳುಗಳ ನಡುವಿನ ಜಾಗ ಮುಗಿದಿದೆ. ಊತ ಬರುವ ದಿನಗಳಲ್ಲಿ ಉಂಗುರ ತೆಗೆದಿಡಿ, ಸಿಕ್ಕಿಕೊಂಡ ಮೇಲೆ ತೆಗೆಯುವುದು ಕಷ್ಟ.

ನೋವಿನ ಜಾಗ ಇನ್ನೂ ಹೆಚ್ಚು ಹೇಳುತ್ತದೆ. ಗಂಟಿನ ಮೇಲ್ಮೈಯಲ್ಲಿ, ಶೂ ತಾಗುವಲ್ಲಿ ಮಾತ್ರ ನೋವಿದ್ದರೆ ಅದು ಉಜ್ಜಿದ ನೋವು, ಶೂ ಬದಲಿಸಿದರೆ ಇಳಿಯುವಂಥದು. ಬೆರಳನ್ನು ಮೇಲಕ್ಕೂ ಕೆಳಕ್ಕೂ ಮಡಿಸಿದಾಗ ಕೀಲಿನ ಒಳಗಿಂದ ನೋವು ಬಂದು ಕರಕರ ಎನಿಸಿದರೆ ಕೀಲು ಸವೆದಿರಬಹುದು. ಮೂರನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ: ಎರಡನೆಯ ಬೆರಳಿನ ಬುಡಕ್ಕೆ, ಅಂಗಾಲಿನಲ್ಲಿ, ಚರ್ಮ ಆಣಿಯಂತೆ ದಪ್ಪಗಾಗಿ ಬರಿಗಾಲಲ್ಲಿ ನಡೆದರೆ ಕಲ್ಲು ತುಳಿದಂತಾಗುವುದು. ಹೆಬ್ಬೆರಳು ತನ್ನ ಪಾಲಿನ ಭಾರವನ್ನು ಬಿಟ್ಟುಕೊಟ್ಟಿದೆ, ಪಕ್ಕದ್ದು ಹೊರುತ್ತಿದೆ ಎಂದು ಇದರರ್ಥ. ನಿಮಗೆ ಬರಿಗಾಲಲ್ಲಿ ನೋವಿಲ್ಲವೆಂದ ಮೇಲೆ ಬಹುಶಃ ಇನ್ನೂ ಆ ಹಂತ ಬಂದಿಲ್ಲ. ಅದಕ್ಕೇ ನಿಮ್ಮ ಆ ಮಾತು ನನಗೆ ಸಮಾಧಾನ ತಂದದ್ದು.

ಮೂಳೆ ವೈದ್ಯರ ಬಳಿ ಹೋದರೆ ಇದನ್ನೇ ಇನ್ನಷ್ಟು ಕ್ರಮವಾಗಿ ನೋಡುತ್ತಾರೆ. ನಡೆಸಿ ನೋಡುತ್ತಾರೆ, ಬೆರಳನ್ನು ಕೈಯಿಂದ ನೆಟ್ಟಗೆ ಮಾಡಲು ಬರುತ್ತದೆಯೇ ಎಂದು ನೋಡುತ್ತಾರೆ, ಪಾದದ ನಾಡಿ ಹಿಡಿಯುತ್ತಾರೆ, ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಎಕ್ಸ್‌ರೇ. ಇದನ್ನು ನಿಂತುಕೊಂಡೇ ತೆಗೆಸಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ವಾಲು ಕಡಿಮೆ ಕಾಣುತ್ತದೆ. ಚೀಟಿಯಲ್ಲಿ ಬರೆದಿಲ್ಲದಿದ್ದರೆ ನೀವೇ ಕೇಳಿ, ಕೇಳಿದರೆ ತಪ್ಪೇನಿಲ್ಲ. ಚಿತ್ರದ ಮೇಲೆ ಎಲುಬುಗಳ ನಡುವಿಗೆ ಗೆರೆ ಎಳೆದು ಎರಡು ಕೋನ ಅಳೆಯುತ್ತಾರೆ. ಮೊದಲನೆಯದು ಉದ್ದ ಎಲುಬಿಗೂ ಹೆಬ್ಬೆರಳಿಗೂ ನಡುವಿನದು: 15 ಡಿಗ್ರಿಯೊಳಗಿದ್ದರೆ ಸಹಜ, 40 ದಾಟಿದರೆ ತೀವ್ರ. ಎರಡನೆಯದು ಮೊದಲನೆಯ ಮತ್ತು ಎರಡನೆಯ ಉದ್ದ ಎಲುಬುಗಳ ನಡುವಿನದು: 9 ಡಿಗ್ರಿಯೊಳಗೆ ಸಹಜ, 16ರ ಮೇಲೆ ತೀವ್ರ. ಈ ಅಂಕಿಗಳು ಶಸ್ತ್ರಚಿಕಿತ್ಸೆಯ ವಿಧಾನ ಆರಿಸಲು ಬೇಕು. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ನಿಮ್ಮ ನೋವು ಮತ್ತು ನಿಮ್ಮ ನಡಿಗೆ. 35 ಡಿಗ್ರಿ ವಾಲಿದ್ದರೂ ನೋವಿಲ್ಲದೆ ಬದುಕು ಸಾಗಿಸುವವರಿದ್ದಾರೆ. ಅವರ ಕಾಲಿಗೆ ಕತ್ತಿ ಹಾಕಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬದಲಾಗುತ್ತದೆ. ಸ್ಪರ್ಶ ಕುಂದಿದ ಪಾದದಲ್ಲಿ ಗಂಟು ನೋಯುವುದಿಲ್ಲ, ನೋಯದಿರುವುದೇ ಅಪಾಯ. ಶೂ ಉಜ್ಜಿ ಹುಣ್ಣಾದರೂ ತಿಳಿಯುವುದಿಲ್ಲ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಗಳಲ್ಲಿ ಇದನ್ನೇ ಕಂಡರು: ಅಂಗ ಹಾಳಾಗುವುದಕ್ಕೆ ದೊಡ್ಡ ಕಾರಣ ನೋವು ತಿಳಿಯದಿರುವುದು. ಇಂದು ಚಪ್ಪಲಿ ಅಂಗಡಿಗಳಲ್ಲಿ ಎಂಸಿಆರ್ ಎಂದು ಕೇಳಿದರೆ ಸಿಗುವ ಮೆತ್ತನೆಯ ರಬ್ಬರಿನ ಅಡಿಯ ಚಪ್ಪಲಿ ಅಂಥ ಪಾದಗಳಿಗೆ ನೆರವಾದ ಸಾಧನ. ಸಕ್ಕರೆ ಇರುವವರು ದಿನವೂ ರಾತ್ರಿ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಲಿ. ಚರ್ಮ ಒಡೆದಿದ್ದರೆ, ಕೀವು ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಲಿ.

ಪರಿಹಾರದ ಮಾತು. ಶೂ ಬದಲಿಸುವುದರಿಂದ ಶುರು ಮಾಡಿ. ಮುಂಭಾಗ ಅಗಲ, ಮೇಲಿನ ಚರ್ಮ ಮೆದು, ಗಂಟಿನ ಮೇಲೆ ಹೊಲಿಗೆಯಾಗಲೀ ಪಟ್ಟಿಯಾಗಲೀ ಹಾಯಬಾರದು, ಹಿಮ್ಮಡಿ ಒಂದೂವರೆ ಇಂಚಿಗಿಂತ ಎತ್ತರ ಬೇಡ. ಎತ್ತರ ಹೆಚ್ಚಿದಷ್ಟೂ ಮೈಭಾರ ಬೆರಳುಗಳ ಮೇಲೆ ಜಾರುತ್ತದೆ. ಶೂ ಕೊಳ್ಳಲು ಪಾಂಡಿ ಬಜಾರಿಗೆ ಹೋಗುವಾಗ ಆ ಪೆನ್ಸಿಲ್ ಗೆರೆಯ ಹಾಳೆಯನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಳ್ಳಿ. ಸಂಜೆಯೇ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಹಾಳೆ ಶೂವಿನೊಳಗೆ ಮಡಿಸದೆ ಕೂತರೆ ಮಾತ್ರ ಕೊಳ್ಳಿ. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂಬ ಅಂಗಡಿಯವರ ಮಾತಿಗೆ ಒಪ್ಪಬೇಡಿ. ಸಡಿಲವಾಗುವ ಮೊದಲು ಅದು ನಿಮ್ಮ ಕಾಲನ್ನು ಸವೆಸುತ್ತದೆ.

ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು, ಗಂಟಿನ ಮೇಲಿನ ಮೆತ್ತೆ, ರಾತ್ರಿ ಕಟ್ಟುವ ಪಟ್ಟಿ ಇವೆಲ್ಲ ಮಾರುಕಟ್ಟೆಯಲ್ಲಿವೆ. ಉಜ್ಜುವ ನೋವನ್ನು ಅವು ಕಡಿಮೆ ಮಾಡಬಲ್ಲವು. ವಾಲಿದ ಎಲುಬನ್ನು ಶಾಶ್ವತವಾಗಿ ನೆಟ್ಟಗೆ ಮಾಡಲಾರವು. 'ಮೂರು ತಿಂಗಳಲ್ಲಿ ಬೆರಳು ನೇರ' ಎಂಬ ಜಾಹೀರಾತಿಗೆ ಹಣ ಕೊಡಬೇಡಿ. ಫಿನ್‌ಲೆಂಡಿನಲ್ಲಿ ನೋವಿರುವ 209 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ಶೂವಿನೊಳಗಿನ ವಿಶೇಷ ಅಟ್ಟೆ, ಇನ್ನೊಂದಕ್ಕೆ ಬರೀ ಕಾಯುವಿಕೆ ಎಂದು ಹಂಚಿ ನೋಡಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರು ತಿಂಗಳಿಗೆ ಅಟ್ಟೆಯಿಂದ ನೋವು ಇಳಿದಿತ್ತು, ಒಂದು ವರ್ಷಕ್ಕೆ ಆ ಲಾಭ ಉಳಿಯಲಿಲ್ಲ, ವರ್ಷದ ಕೊನೆಗೆ ಹೆಚ್ಚು ಸುಖವಾಗಿದ್ದವರು ಶಸ್ತ್ರಚಿಕಿತ್ಸೆಯವರು.

ಆದ್ದರಿಂದ ಒಳ್ಳೆಯ ಶೂ ಹಾಕಿಯೂ ನಡಿಗೆಗೆ ಅಡ್ಡಿಯಾಗುವಷ್ಟು ನೋವು ಉಳಿದರೆ ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಕಿಲ್ಲ. ಆದರೆ ಅದು 'ಗಂಟು ಕೊಯ್ಯುವುದು' ಅಲ್ಲ ಎಂಬುದು ಈಗ ನಿಮಗೆ ಹೊಳೆದಿರಬೇಕು. ಉಬ್ಬನ್ನಷ್ಟೇ ಕೆತ್ತಿ ತೆಗೆದರೆ ವಾಲು ಹಾಗೇ ಉಳಿದು ಗಂಟು ಮರಳಿ ಬರುತ್ತದೆ. ಉದ್ದ ಎಲುಬನ್ನು ಲೆಕ್ಕ ಹಾಕಿ ಕತ್ತರಿಸಿ, ಪಕ್ಕದ ಎಲುಬಿನ ಕಡೆಗೆ ಸರಿಸಿ, ಸಣ್ಣ ಸ್ಕ್ರೂಗಳಿಂದ ಬಿಗಿಯುತ್ತಾರೆ. ಶೆವ್ರಾನ್ ಎಂಬ ವಿಧಾನದಲ್ಲಿ ಕತ್ತರಿಸಿದ ಗೆರೆ ಬಾಣದ ಮೊನೆಯಂತಿರುತ್ತದೆ. ಸ್ಕಾರ್ಫ್ ಎಂಬ ಇನ್ನೊಂದು ವಿಧಾನದ ಹೆಸರು ತೊಲೆಗಳನ್ನು ಬೆಸೆಯುವ ಬಡಗಿಗಳಿಂದ ಬಂದ ಮಾತು. ಆ ಉದ್ದ ಎಲುಬಿನ ಹಿಂತುದಿಯ ಕೀಲೇ ಸಡಿಲವಾಗಿದ್ದರೆ ಲ್ಯಾಪಿಡಸ್ ವಿಧಾನದಲ್ಲಿ ಅದನ್ನು ಕೂಡಿಸಿಬಿಡುತ್ತಾರೆ. ಆರು ವಾರವಾದರೂ ವಿಶೇಷ ಶೂ ಹಾಕಿ ಜೋಪಾನವಾಗಿ ನಡೆಯಬೇಕು. ನಿಮ್ಮದು ಬಲಗಾಲು, ಹಾಗಾಗಿ ಆ ದಿನಗಳಲ್ಲಿ ಸ್ಕೂಟರೂ ಕಾರೂ ಓಡಿಸುವಂತಿಲ್ಲ. ಊತ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಬೆರಳು ಬಿಗಿಯಾಗುವುದು, ಚರ್ಮ ಜೋಮು ಹಿಡಿಯುವುದು, ವಾಲು ಮರಳುವುದು ಕೆಲವರಿಗೆ ಆಗುತ್ತದೆ. ಇವನ್ನೆಲ್ಲ ವೈದ್ಯರ ಬಾಯಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ಚೂಪು ಶೂ ಮತ್ತೆ ಹಾಕಬೇಕೆಂಬ ಒಂದೇ ಆಸೆಗೆ ಈ ದಾರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಅಭಿಪ್ರಾಯಕ್ಕೆ ದೊಡ್ಡ ಖರ್ಚಿನ ಜಾಗವೇ ಬೇಕೆಂದಿಲ್ಲ. ಸೆಂಟ್ರಲ್ ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆಯ ಮೂಳೆ ವಿಭಾಗದಲ್ಲೂ ತೋರಿಸಬಹುದು.

ಕೊನೆಗೆ ಮಗಳು. ಮನೆತನದ ಒಲವು ಅವಳಿಗೂ ಇರಬಹುದು, ಅದರಲ್ಲೂ ಹರೆಯದಲ್ಲೇ ಕಾಣಿಸಿಕೊಳ್ಳುವ ಬನಿಯನ್ ತಾಯಿಯ ಕಡೆಯಿಂದ ಬರುವುದು ಹೆಚ್ಚು. ಆದರೆ ಭರತನಾಟ್ಯದ ಮೇಲೆ ತಪ್ಪು ಹೊರಿಸಿ ಬಿಡಿಸಬೇಡಿ. ಬರಿಗಾಲ ಕುಣಿತ ಬೆರಳುಗಳನ್ನು ಹಿಂಡುವುದಿಲ್ಲ. ತಟ್ಟಡವು ಎಂಬ ಹೆಜ್ಜೆಯಲ್ಲಿ ಪಾದ ಪೂರ್ತಿ ಅರಳಿ ನೆಲಕ್ಕೆ ತಾಗುತ್ತದೆ. ಮುಂಗಾಲ ಮೇಲೆ ಕುಪ್ಪಳಿಸಿ ಹಿಮ್ಮಡಿ ತಟ್ಟುವ ಅಡವುಗಳಲ್ಲಿ ಮಾತ್ರ ಹೆಬ್ಬೆರಳ ಕೀಲಿಗೆ ಭಾರ ಹೆಚ್ಚು ಬೀಳುತ್ತದೆ. ಆಗ ಕೀಲಿನೊಳಗೆ ನೋವೆಂದರೆ ಗುರುಗಳಿಗೆ ಹೇಳಿ ಅವನ್ನಷ್ಟೇ ಕೆಲವು ವಾರ ಬಿಡಿಸಿ. ಗಟ್ಟಿ ಸಿಮೆಂಟಿಗಿಂತ ಮರದ ಹಲಗೆಯ ನೆಲ ವಾಸಿ. ಅವಳ ಶಾಲೆಯ ಶೂವನ್ನು ಇಂದೇ ಪರೀಕ್ಷಿಸಿ. ಹಾನಿ ಅಲ್ಲಿಂದ ಆಗುವ ಸಂಭವ ಹೆಚ್ಚು. ಹರೆಯದಲ್ಲಿ, ಎಲುಬು ಬೆಳೆಯುತ್ತಿರುವಾಗ ಮಾಡಿದ ಶಸ್ತ್ರಚಿಕಿತ್ಸೆಯ ನಂತರ ವಾಲು ಮರಳುವುದು ಹೆಚ್ಚಾದ್ದರಿಂದ ವೈದ್ಯರು ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವ ತನಕ ಕಾಯುತ್ತಾರೆ. ಅಲ್ಲಿಯವರೆಗೆ, ನಿಮ್ಮ ಪಾದದ ಗೆರೆ ಎಳೆದ ಮೇಲೆ ಅದೇ ಪೆನ್ಸಿಲಿನಿಂದ ಅವಳ ಎರಡೂ ಪಾದಗಳ ಗೆರೆಯನ್ನೂ ಎಳೆಯಿರಿ, ಹಾಳೆಯ ಮೂಲೆಯಲ್ಲಿ ತಾರೀಖು ಬರೆದಿಡಿ. ಆರು ತಿಂಗಳ ನಂತರ ಇನ್ನೊಂದು ಹಾಳೆ ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ.